ಸೀರೆ ಡಬ್ಬಿಯ ಹಿಂದೆ ಬಿದ್ದ ದಾಳ

ಸಿಂಧನೂರು
೪ ಆಗಸ್ಟ್ ೨೦೨೫, ಸೋಮವಾರ

ಪ್ರೀತಿಯ ಭಾಗ್ಯಾ,

ಹೇಗಿದ್ದೀಯೇ? ಇಲ್ಲಿ ನಾನು, ನಿಮ್ಮ ಮಾವ, ನಮ್ಮ ಅತ್ತಿ ಎಲ್ಲರೂ ಸೌಖ್ಯ. ನಿನ್ನ ಕಾಗದ ಬಂದು ಎಷ್ಟೋ ದಿನ ಆಯಿತು, ಅಕ್ಕ ಮರೆತಳು ಅಂತ ಮುಖ ಊದಿಸಿಕೊಳ್ಳಬೇಡ. ಶ್ರಾವಣ ಬಂತೆಂದರೆ ಊರಿನ ಹೆಂಗಸರೆಲ್ಲ ಕೈಯಲ್ಲೊಂದು ಸೀರೆ ಹಿಡಿದು ನಮ್ಮ ಮ್ಯಾಚಿಂಗ್ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಒಂದೇ ಕೆಂಪಿನಲ್ಲಿ ಹತ್ತು ಕೆಂಪು ತೆಗೆದು ಹಾಕಬೇಕು. 'ರಂಜನಿ ಕಣ್ಣಿಗೆ ಬಿದ್ದರ ಬಣ್ಣ ತಪ್ಪಂಗಿಲ್ಲ' ಅಂತ ಹೊಗಳಿ ಹೊಗಳಿಯೇ ನನ್ನನ್ನು ಊಟಕ್ಕೆ ಏಳಲು ಬಿಡುವುದಿಲ್ಲ ಇವರು.

ಈ ಕಾಗದ ಟಪಾಲಿನಲ್ಲಿ ಬಂದದ್ದು ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ನೀನು ಮದುವೆಯಾಗಿ ಲಿಂಗಸುಗೂರಿಗೆ ಹೋದಾಗಿನಿಂದ ನಮ್ಮ ಕಾಗದಗಳೆಲ್ಲ ಬಸವಲಿಂಗನ ಜೇಬಿನಲ್ಲೇ ಓಡಾಡಿವೆ. ನಿಮ್ಮ ಓಣಿಯಲ್ಲೇ ಇದ್ದು, ಅಲ್ಲಿನ ಕಾಲೇಜಿನಲ್ಲಿ ಗಣಿತ ಕಲಿಸಿ, ಭಾನುವಾರ ಬಂತೆಂದರೆ ನಮ್ಮ ಅಂಗಡಿಯ ಅಟ್ಟದ ಮೇಲೆ ಆಟ ನಡೆಸಲು ಬರುವವನು ಅವನು. ಈ ಸಲ ಅವನ ಕೈಗೆ ಕೊಡಲಿಲ್ಲ. ಯಾಕೆಂದರೆ ಇದು ಅವನ ಮೇಲಿನ ದೂರು.

ಅದಕ್ಕೆ ಮೊದಲು ಪಂಚಮಿಯ ಸುದ್ದಿ ಹೇಳಿಬಿಡುತ್ತೇನೆ. ಮಸ್ಕಿಗೆ ಹೋಗಿದ್ದೆ. ನಾನು ಇತ್ತಿಂದ, ನೀನು ಅತ್ತಿಂದ ಬಸ್ಸು ಹತ್ತಿ ತವರಿನಲ್ಲಿ ಕೂಡುವುದು ನಮ್ಮ ಪದ್ಧತಿ. ಈ ಸಲ ನೀನು ಬರಲಿಲ್ಲ. 'ಆಕಿಗೆ ನೆಗಡಿ ಆಗ್ಯಾದವ್ವಾ' ಅಂದಳು ಅವ್ವ. ನೆಗಡಿಯಾಯಿತೆಂದು ಯಾರಾದರೂ ಪಂಚಮಿ ಬಿಡುತ್ತಾರೆಯೇ? ಅಪ್ಪ ಕಟ್ಟಿದ ಜೋಕಾಲಿಯನ್ನು ನಾನೊಬ್ಬಳೇ ಜೀಕಿದೆ. ಅವ್ವ ನಿನಗೆಂದು ಉಂಡಿ ಡಬ್ಬಿ ತುಂಬುತ್ತಿದ್ದಳು. ಶೇಂಗಾ ಉಂಡಿ, ರವೆ ಉಂಡಿ, ಬೇಸನ್ ಉಂಡಿ ಎಲ್ಲ ಇದ್ದವು, ಎಳ್ಳುಂಡಿ ಒಂದೂ ಇರಲಿಲ್ಲ. ಎಳ್ಳುಂಡಿ ಅಂದರೆ ನನ್ನ ತಾಟಿನದ್ದನ್ನೂ ಬಿಡದವಳು ನೀನು. ಕೇಳಿದರೆ 'ಎಳ್ಳು ಸಾಲಲಿಲ್ಲ' ಅಂದಳು. ಮನೆಗೆ ಬಂದು ನನ್ನ ಡಬ್ಬಿ ತೆಗೆದರೆ ಅರ್ಧಕ್ಕರ್ಧ ಎಳ್ಳುಂಡಿ. ಆಗ ನಾನೇನೂ ಅನ್ನಲಿಲ್ಲ, ಆದರೆ ಮನಸ್ಸಿನಲ್ಲಿ ಅಲ್ಲೊಂದು ಗುಂಡುಸೂಜಿ ಚುಚ್ಚಿಟ್ಟಿದ್ದೇನೆ.

ಇನ್ನು ದೂರು. ಆಟದ ಕಾಯಿದೆ ಬರೆದವಳು ನೀನು, ಆದ್ದರಿಂದ ನ್ಯಾಯವೂ ನಿನ್ನದೇ. ಸಾಕ್ಷಿ ಹೇಳುವವರು ಮೊದಲಿನಿಂದ ಎಲ್ಲವನ್ನೂ ಹೇಳಬೇಕಂತೆ, ಹೇಳುತ್ತೇನೆ, ಆಕಳಿಸಬೇಡ. ಬಸವಲಿಂಗ ಏಳು ಕೋಟೆಗಳ ಸೀಮೆಯೊಂದರ ಕಥೆ ನಡೆಸುತ್ತಾನೆ. ನಾವು ಅದರೊಳಗಿನ ಪಾತ್ರಗಳು. ಮನೆಯಲ್ಲಿ ನನ್ನ ಗಂಡನಾದ ನಿಮ್ಮ ಮಾವ ಅಲ್ಲಿ ದಂಡನಾಯಕ, ಮೊಬೈಲ್ ರಿಪೇರಿಯ ಹಫೀಜ್ ಗೋಡೆ ಹತ್ತುವ ಕಳ್ಳ, ನಾನು ಕಮ್ಮಾರತಿ ನೀಲವ್ವ. ನೀನು ನಮ್ಮ ವೈದ್ಯೆಯಾಗಿದ್ದೆ, ಬಸವ ಜಯಂತಿ ಆದ ಮೇಲೆ ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆ ಅಂತ ಬರುವುದನ್ನೇ ಬಿಟ್ಟೆ. ನಾವು ಏನು ಮಾಡಹೊರಟರೂ ಅದು ಆಗುತ್ತದೋ ಇಲ್ಲವೋ ಅಂತ ಹೇಳುವುದು ದಾಳ.

ನೀಲವ್ವ ಕತ್ತಿಯನ್ನೋ ಗುರಾಣಿಯನ್ನೋ ಬಡಿಯಲು ಕುಳಿತರೆ ಮೂರು ದಾಳ ಹಾಕಬೇಕು. ಒಟ್ಟು ಏಳಕ್ಕಿಂತ ಕಡಿಮೆ ಬಿದ್ದರೆ ಕಚ್ಚಾ ಮಾಲು, ಕೈಯಲ್ಲೇ ಮುರಿಯುತ್ತದೆ. ಏಳರಿಂದ ಹದಿಮೂರು ಸಾದಾ. ಅದರ ಮೇಲೆ ಪಸಂದ್. ಹದಿನೇಳೋ ಹದಿನೆಂಟೋ ಬಿದ್ದರೆ ಮಾತ್ರ ನಾಯಾಬ್. ಅದು ಹಫೀಜ್ ಇಟ್ಟ ಹೆಸರು, ಅಂಥದ್ದು ಆ ಸೀಮೆಯಲ್ಲೇ ಎರಡನೆಯದು ಇರುವುದಿಲ್ಲ. ಆದರೆ ನೀನು ಒಂದು ಕೊಕ್ಕೆ ಇಟ್ಟೆಯಲ್ಲ, ಕಮ್ಮಾರತಿಯ ದಾಳವನ್ನು ಕಮ್ಮಾರತಿ ನೋಡುವಂತಿಲ್ಲ ಅಂತ. 'ಮಾಡಿದಾಕಿಗೆ ತಾ ಮಾಡಿದ್ದು ಎಂಥಾದ್ದಂತ ಬಡಿದಾಟದಾಗ ಗೊತ್ತಾಗಬೇಕು' ಅಂದಿದ್ದೆ. ಹಾಗಾಗಿ ಬಸವಲಿಂಗ ಖಾಲಿ ಸೀರೆ ಡಬ್ಬಿಯನ್ನು ಮರೆ ಮಾಡಿಕೊಂಡು ಅದರ ಹಿಂದೆ ದಾಳ ಹಾಕುತ್ತಾನೆ, 'ಆತು' ಅನ್ನುತ್ತಾನೆ. ಆ ಕತ್ತಿ ಎತ್ತಿದಾಗ ಮಾತ್ರ ಅದರ ದರ್ಜೆ ಹೇಳುತ್ತಾನೆ.

ಮೂರು ದಾಳ ಇನ್ನೂರ ಹದಿನಾರು ಥರ ಬೀಳಬಹುದು, ಅದರಲ್ಲಿ ನಾಯಾಬ್ ಆಗುವುದು ನಾಲ್ಕೇ ಥರ ಅಂತ ಬಸವಲಿಂಗನೇ ಹಿಂದೊಮ್ಮೆ ಬರೆದು ತೋರಿಸಿದ್ದ. ಅಂದರೆ ಐವತ್ತನಾಲ್ಕು ಸಲಕ್ಕೆ ಒಂದು ಸಲ. ಸತತ ಎರಡು ಸಲ ಬರಬೇಕಾದರೆ ಸುಮಾರು ಮೂರು ಸಾವಿರಕ್ಕೆ ಒಂದು. ಈಗ ಕೇಳು. ಬಸವ ಜಯಂತಿಯಿಂದ ಈಚೆಗೆ ನೀಲವ್ವ ಮಾಡಿದ ಕತ್ತಿ ನಾಯಾಬ್, ಬಾಣದ ಮೊನೆ ನಾಯಾಬ್, ದಂಡನಾಯಕನ ಕುದುರೆಯ ಲಾಳ ಸಹ ನಾಯಾಬ್. ಮೊದಮೊದಲು ನಾನೂ ಹಿಗ್ಗಿದೆ. ಲಾಳಕ್ಕೆ ಬಂದಾಗ ಬೆರಳು ಮಡಿಚಿ ಲೆಕ್ಕ ಹಾಕಿದೆ. ಕುದುರೆಯ ಲಾಳಕ್ಕೂ ಹದಿನೆಂಟು ಬೀಳುತ್ತದೆಯೇ?

ಮೊದಲು ದಾಳದ ಮೇಲೆಯೇ ಅನುಮಾನಪಟ್ಟೆ. ಅವು ಇರುವುದು ನನ್ನ ಕೌಂಟರಿನಲ್ಲಿ, ಹಣೆಗಿಡುವ ಟಿಕಳಿಯ ಡಬ್ಬಿಯಲ್ಲಿ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಗಾಜಿನ ಮೇಲೆ ಹಾಕಿ ಹಾಕಿ ನೋಡಿದೆ, ಎಲ್ಲ ಮುಖಗಳೂ ನ್ಯಾಯವಾಗಿಯೇ ಬಿದ್ದವು. 'ಉಪ್ಪಿನ ನೀರಾಗ ತೇಲಿಸಿ ನೋಡ್ರೀ ಅಕ್ಕಾ, ಒಂದು ಕಡಿ ಭಾರ ಇದ್ದರ ಎಷ್ಟು ತಿರುವಿದರೂ ಅದೇ ಮುಖ ಮ್ಯಾಲ ಬರ್ತದ' ಅಂತ ಹಫೀಜ್ ಹೇಳಿದ. ಬೋಗುಣಿಯಲ್ಲಿ ನೀರು ಹಾಕಿ ಹಿಡಿಗಟ್ಟಲೆ ಉಪ್ಪು ಕದಡುತ್ತ ಕೂತಿದ್ದೆ. ಅತ್ತಿ ಬಂದು ಬಾಗಿಲಲ್ಲೇ ನಿಂತರು.

'ಯಾರ ದೃಷ್ಟಿ ತೆಗಿಯಾಕತ್ತೀಯವ್ವಾ?' ಅಂದರು.

'ಯಾರದೂ ಇಲ್ಲರೀ ಅತ್ತಿ. ದಾಳ ನೋಡಾಕತ್ತೀನಿ.'

'ನಿನಗ ಯಾರರ ಏನರ ಅಂದಾರೇನು?'

'ಏನನ್ನಬೇಕಿತ್ತರೀ?'

'ಏನಿಲ್ಲ, ಏನಿಲ್ಲ' ಅನ್ನುತ್ತ ಅಡುಗೆಮನೆಗೆ ಹೋಗಿಬಿಟ್ಟರು. ನಮ್ಮ ಅತ್ತಿ ಮಾತನ್ನು ನಡುವೆ ಬಿಟ್ಟು ಹೋಗುವವರೇ ಅಲ್ಲ ಅಂತ ನಿನಗೂ ಗೊತ್ತು. ಅದೂ ಇರಲಿ. ದಾಳ ಮೂರೂ ನೀರಿನಲ್ಲಿ ಬೇಕಾದ ಹಾಗೆ ಹೊರಳಿದವು. ದಾಳ ನಿಯತ್ತಿನವೇ ಆದರೆ ಸುಳ್ಳು ಯಾರ ಬಾಯಲ್ಲಿದೆ? ಇದಕ್ಕೆ ಉತ್ತರ ಬರೆ, ಟಪಾಲಿಗೇ ಹಾಕು. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳು. ನೆಗಡಿಗೆ ಅರಿಶಿನ ಹಾಲು ಕುಡಿ.

ನಿನ್ನ ಅಕ್ಕ
ರಂಜನಿ


ಸಿಂಧನೂರು
೧೮ ಆಗಸ್ಟ್ ೨೦೨೫

ಪ್ರೀತಿಯ ಭಾಗ್ಯಾ,

ನಿನ್ನ ಉತ್ತರ ಬಂತು. ಟಪಾಲಿಗೆ ಹಾಕು ಅಂದರೆ ಬಸವಲಿಂಗನ ಕೈಯಲ್ಲೇ ಕಳಿಸಿದ್ದೀ. ಕಳ್ಳನ ಮೇಲೆ ದೂರು ಕೊಟ್ಟರೆ ಕಳ್ಳನ ಕೈಯಲ್ಲೇ ತೀರ್ಪು! ಓದಿ ನಕ್ಕೆ, ಆಮೇಲೆ ಮತ್ತೆ ಓದಿದೆ. ಎರಡನೆಯ ಸಲ ನಗು ಬರಲಿಲ್ಲ.

'ಒಳ್ಳೆಯದು ಆಗುತ್ತಿರುವಾಗ ಯಾಕೆ ಕೆದಕುತ್ತೀ ಅಕ್ಕಾ, ನಿನಗೂ ಒಮ್ಮೆ ಗೆಲ್ಲುವ ಹಕ್ಕಿದೆ' ಅಂತ ಬರೆದಿದ್ದೀ. ಇದನ್ನು ಬರೆದವಳು ನೀನೇ ಏನು? ಚಾಪೆಯ ಅಂಚಿಗೆ ಆನಿಕೊಂಡು ಓರೆ ನಿಂತ ದಾಳ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಹಫೀಜನ ಜೊತೆ ಚಹಾ ಆರಿಹೋಗುವವರೆಗೂ ಜಗಳಾಡಿದ ಭಾಗ್ಯ? 'ನಿನಗೂ' ಅಂತ ಬೇರೆ ಬರೆದಿದ್ದೀ. ಹಾಗಾದರೆ ಗೆದ್ದ ಇನ್ನೊಬ್ಬರು ಯಾರು? ನೆಗಡಿಯ ಸುದ್ದಿ ಒಂದಕ್ಷರವೂ ಇಲ್ಲ. ಫೋನ್ ಮಾಡಿದರೆ ಎರಡು ಮಾತಾಡಿ ಇಡುತ್ತೀ, ಮುಖ ತೋರಿಸಿ ಮಾತಾಡಿ ಎಷ್ಟು ಕಾಲವಾಯಿತೋ. ಕ್ಯಾಮೆರಾ ಕೆಟ್ಟಿದೆ ಅಂದೆ. ರಿಪೇರಿ ಮಾಡುವ ಹಫೀಜನನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವ ಅಕ್ಕನಿಗೆ ಹೇಳುವ ಮಾತೇ ಇದು?

ಇರಲಿ, ನೀನು ನ್ಯಾಯ ಹೇಳಲಿಲ್ಲ ಅಂತ ನಾನೇ ಪತ್ತೇದಾರಿಕೆ ಮಾಡಿದೆ. ನಿನ್ನೆ ಅವರೆಲ್ಲ ಬರುವ ಮೊದಲು ದಾಳ ಮೂರನ್ನೂ ತೆಗೆದು, ಪ್ರತಿಯೊಂದರ ಆರರ ಮುಖದಲ್ಲಿ ನಡುವಿನ ಎರಡು ಚುಕ್ಕೆಗಳಿಗೆ ವೈಟ್ನರ್ ಹಚ್ಚಿದೆ. ಬಿಳಿ ದಾಳ, ಬಿಳಿ ವೈಟ್ನರ್. ಆರು ಹೋಗಿ ನಾಲ್ಕಾಯಿತು. ಅಲ್ಲಿಗೆ ಆ ಡಬ್ಬಿಯಲ್ಲಿ ಆರು ಅನ್ನುವುದೇ ಇಲ್ಲ. ಮೂರಕ್ಕೂ ಐದೇ ಬಿದ್ದರೂ ಹದಿನೈದು, ಅದರ ಮೇಲೆ ದೇವರು ಬಂದರೂ ಬೀಳುವುದಿಲ್ಲ. ನಾಯಾಬ್ ಆಗುವ ಬಾಗಿಲನ್ನೇ ಮುಚ್ಚಿ, ಏನೂ ಅರಿಯದವಳಂತೆ ಚಹಾ ಕೊಟ್ಟೆ.

ನಮ್ಮ ದಂಡು ಐದನೆಯ ಕೋಟೆಯ ಕಂದಕದ ಹತ್ತಿರ ಇತ್ತು. ದಾಟಲು ಕೊಂಡಿ ಸರಪಳಿ ಬೇಕು. ನೀಲವ್ವ ಕುಲುಮೆ ಹಚ್ಚಿದಳು. ಬಸವಲಿಂಗ ಸೀರೆ ಡಬ್ಬಿಯ ಹಿಂದೆ ದಾಳ ಹಾಕಿದ, ಟಕಟಕ ಸದ್ದು ಕೇಳಿಸಿತು. ನಾನು ದಾಳ ಬಿಟ್ಟು ಅವನ ಕಣ್ಣುಗಳನ್ನೇ ನೋಡುತ್ತಿದ್ದೆ. ಅವನು ಕೆಳಗೆ ನೋಡಲೇ ಇಲ್ಲ, ಭಾಗ್ಯಾ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ 'ಆತು' ಅಂದು ದಾಳ ಬಾಚಿ ಮುಷ್ಟಿಯಲ್ಲಿ ಹಿಡಿದುಕೊಂಡ. ಸರಪಳಿ ಎಸೆಯುವ ಹೊತ್ತು ಬಂದಾಗ ಅವನು ಇನ್ನೂ ಬಾಯಿ ತೆರೆದಿರಲಿಲ್ಲ, ಪಕ್ಕದಲ್ಲಿದ್ದ ನಿಮ್ಮ ಮಾವ 'ನಾಯಾಬ್!' ಅಂತ ಚಪ್ಪಾಳೆ ತಟ್ಟಿಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡು ಕೆಮ್ಮಿದರು. ನನ್ನ ಗಂಡ ದಂಡನಾಯಕನ ಪಾತ್ರ ಚೆನ್ನಾಗಿ ಮಾಡುತ್ತಾರೆ, ಬೇರೆ ಯಾವ ನಾಟಕವೂ ಅವರಿಗೆ ಬರುವುದಿಲ್ಲ.

ಹೀಗಾಗಿ ಇಬ್ಬರು ಸಿಕ್ಕರು. ಅವರು ಎದ್ದು ಹೋದ ಮೇಲೆ ಒಬ್ಬಳೇ ಕೂತು ಯೋಚಿಸಿದೆ, ಯಾಕೆ ಅಂತ. ನನಗೆ ಸೋಲು ಕೊಡಬಾರದು ಅಂತ ಇವರಿಗೆ ಯಾಕೆ ಅನಿಸಿತು? ನಿನಗೆ ಗೊತ್ತಿರುವ ಒಂದು ಕಾರಣ ಇದೆ. ಶಿವರಾತ್ರಿಯ ಹೊತ್ತಿಗೆ ರಾಯಚೂರಿನ ಆಸ್ಪತ್ರೆಯಲ್ಲಿ ಮೂರನೆಯ ಸಲದ ಚಿಕಿತ್ಸೆಗೂ ಗರ್ಭ ನಿಲ್ಲಲಿಲ್ಲ. ಮಗುವಿನ ಆಸೆ ಇನ್ನು ಬಿಡೋಣ ಅಂತ ನಾವಿಬ್ಬರೂ ಬಸ್ಸಿನಲ್ಲಿ ಕೂತೇ ತೀರ್ಮಾನ ಮಾಡಿದೆವು. ಆ ದುಃಖ ದೊಡ್ಡದು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಆ ಡಾಕ್ಟರಮ್ಮ ಮೊದಲ ದಿನವೇ ನನ್ನ ಮುಖ ನೋಡಿ 'ನೂರರಲ್ಲಿ ಮೂವತ್ತು' ಅಂದಿದ್ದರು. ಏನನ್ನೂ ಮರೆ ಮಾಡಲಿಲ್ಲ. ಗೊತ್ತಿದ್ದೇ ಹೋದೆ, ಗೊತ್ತಿದ್ದೇ ಸೋತೆ. ಆ ಸೋಲು ನನ್ನದು, ಅದಕ್ಕೆ ಒಂದು ಮರ್ಯಾದೆ ಇದೆ.

ಆದರೆ ಆ ಕಾರಣ ಹೊಂದುವುದಿಲ್ಲ, ನೋಡು. ರಾಯಚೂರಿನಿಂದ ಬಂದ ಮೇಲೂ ನೀಲವ್ವ ಎರಡು ತಿಂಗಳು ಮುರುಕು ಗುದ್ದಲಿಗಳನ್ನೇ ಮಾಡುತ್ತಿದ್ದಳು. ಯಾರೂ ಕನಿಕರ ತೋರಿಸಲಿಲ್ಲ. ಹಫೀಜ್ ಅವಕ್ಕೆ 'ಕುಂಬಳಕಾಯಿ ಹೆಚ್ಚೋ ಗುದ್ದಲಿ' ಅಂತ ಹೆಸರಿಟ್ಟು ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ನೀಲವ್ವನ ಅದೃಷ್ಟ ಬದಲಾಗಿದ್ದು ಬಸವ ಜಯಂತಿಯ ನಂತರ. ನೀನು ಬರುವುದನ್ನು ಬಿಟ್ಟಿದ್ದೂ ಆಗಲೇ. ಅಲ್ಲಿ ಎರಡನೆಯ ಗುಂಡುಸೂಜಿ ಚುಚ್ಚಿಟ್ಟಿದ್ದೇನೆ. ನೀನು ಏನಾದರೂ ಕಾಯಿಲೆ ಮುಚ್ಚಿಡುತ್ತಿದ್ದೀಯಾ? ಖರೆ ಹೇಳು. ನಿನ್ನೆಯಿಂದ ನನಗೆ ಅನ್ನ ಸೇರುತ್ತಿಲ್ಲ. ಏನಿದ್ದರೂ ಹೇಳು, ಅಕ್ಕ ಬಂದು ನಿಲ್ಲುತ್ತಾಳೆ.

ನಿನ್ನ
ರಂಜನಿ


ಸಿಂಧನೂರು
೧ ಸೆಪ್ಟೆಂಬರ್ ೨೦೨೫

ನನ್ನ ಮುದ್ದು ಭಾಗ್ಯಾ,

ಸುಖವಾಗಿದ್ದೀ ಅಂತ ಈಗ ಗೊತ್ತು, ಅದಕ್ಕೇ ಕೇಳುವುದಿಲ್ಲ. ಹೋದ ಕಾಗದದಲ್ಲಿ ಕಾಯಿಲೆ ಅಂತ ಅಪಶಕುನ ನುಡಿದೆ, ಅದನ್ನು ಹರಿದು ಹಾಕು. ಈ ಸಲ ಬಸವಲಿಂಗನ ಕೈಯಲ್ಲೇ ಕೊಡುತ್ತೇನೆ. ಅಂಟು ಹಚ್ಚುವುದಿಲ್ಲ, ಬೇಕಾದರೆ ಓದಿಕೊಳ್ಳಲಿ.

ಅವ್ವ ಬಹಳ ಜಾಣತನ ಮಾಡಿದಳು ಕಣೇ. ಹಸಿರು ಸೀರೆ ನನ್ನ ಅಂಗಡಿಯಲ್ಲಿ ಕೊಳ್ಳಲಿಲ್ಲ, ಸಿಂಧನೂರಿನಲ್ಲೇ ಕೊಳ್ಳಲಿಲ್ಲ, ಲಿಂಗಸುಗೂರಿನಲ್ಲಿ ಕೊಂಡು ಮಸ್ಕಿಯ ಟೇಲರಿಗೆ ಕೊಟ್ಟಳು. ಆದರೆ ಗಣೇಶನ ಹಬ್ಬದ ಗದ್ದಲ, ಮಸ್ಕಿಯ ಟೇಲರಿಗೆ ಕೈತುಂಬ ಕೆಲಸ. ಅವನು ತನ್ನ ಕೈಗೆ ಮೀರಿದ ಸೀರೆಗಳನ್ನು ಗಂಟು ಕಟ್ಟಿ ಬಸ್ಸಿಗೆ ಹಾಕಿ ಫಾಲ್ ಪಿಕೋಗೆ ಕಳಿಸುವುದು ಇಲ್ಲಿನ ಸಕೀನಾಬೀಗೆ. ಸಕೀನಾಬೀ ಫಾಲಿನ ಬಟ್ಟೆ ಮ್ಯಾಚ್ ಮಾಡಲು ಬರುವುದು ನನ್ನ ಕೌಂಟರಿಗೆ. ಇಪ್ಪತ್ತು ವರ್ಷ ಮಗಳ ಜೊತೆ ಬದುಕಿದ ಅವ್ವನಿಗೆ ಮಗಳ ಅಂಗಡಿಗೆ ಯಾವ ದಾರಿಯಿಂದ ಬಣ್ಣ ಬರುತ್ತದೆ ಅಂತ ಗೊತ್ತಿರಲಿಲ್ಲ.

ಗುರುವಾರ ಸಕೀನಾಬೀ ಗಂಟು ಬಿಚ್ಚಿ ಗಿಣಿ ಹಸಿರಿನ ರೇಷ್ಮೆ ಸೀರೆಯನ್ನು ಎತ್ತಿ ಹಿಡಿದಳು. 'ಇದಕ್ಕ ಸರಿಯಾದ ಫಾಲ್ ಕೊಡ್ರೀ ಅಕ್ಕಾರ, ಕುಬಸದ ಸೀರಿ ಐತಿ. ಜಂಪರ್ ಹೊಲಿಯಾಕೂ ನನಗ ಹಚ್ಯಾರ, ಅಳತಿಗೆ ಹಳೇದು ಕೊಟ್ಟಾರ. ಎರಡು ಬಟ್ಟು ಸಡ್ಲ ಬಿಡು ಅಂದಾರ' ಅಂದಳು. ಯಾರ ಮನೆಯ ಬಸುರಿಯೋ, ಐದನೆಯ ತಿಂಗಳ ಕುಬಸ ಮಾಡುತ್ತಿದ್ದಾರೆ, ಒಳ್ಳೆಯದಾಗಲಿ ಅಂದುಕೊಂಡೇ ಫಾಲಿನ ಕಟ್ಟು ಇಳಿಸಿದೆ. ಅಷ್ಟರಲ್ಲಿ ಅವಳು ಅಳತೆಯ ಜಂಪರನ್ನು ಕೌಂಟರಿನ ಮೇಲೆ ಇಟ್ಟಳು. ಕಿತ್ತಳೆ ಬಣ್ಣದ್ದು. ಬಲಗೈ ತೋಳಿನ ಮೇಲೆ ನೀಲಿ ಶಾಯಿಯ ಕಲೆ.

ನೀನು ಆಟದ ಕಾಯಿದೆ ಬರೆದ ದಿನ ಪೆನ್ನು ಸೋರಿ ಆದ ಕಲೆ ಅದು. ನಿಂಬೆಹಣ್ಣು ಹಚ್ಚಿ ತಿಕ್ಕಿದವಳು ನಾನು.

ಎಳ್ಳುಂಡಿ ಯಾಕಿರಲಿಲ್ಲ, ಜೋಕಾಲಿಗೆ ಯಾಕೆ ಬರಲಿಲ್ಲ, ಬಸ್ಸಿನಲ್ಲಿ ಹೊಟ್ಟೆ ಯಾಕೆ ತೊಳಸುತ್ತಿತ್ತು, ಎಲ್ಲವೂ ಆ ಒಂದು ಗಳಿಗೆಯಲ್ಲಿ ತಿಳಿಯಿತು. ಸುಳ್ಳ್ಯಾಕೆ ಹೇಳಲಿ, ಮೊದಲು ಬಂದದ್ದು ಸಂತೋಷವೇ. ನಮ್ಮ ಭಾಗ್ಯ ಬಸುರಿ ಅಂತ ಮೈ ಜುಮ್ಮೆಂದಿತು. ಅದರ ಹಿಂದೆಯೇ ಬಂದದ್ದು ಸಿಟ್ಟು. ಅವ್ವನಿಗೆ ಗೊತ್ತು, ಅಪ್ಪನಿಗೆ ಗೊತ್ತು, ನನ್ನ ಅತ್ತಿಗೆ ಗೊತ್ತು, ನನ್ನ ಮಗ್ಗುಲಲ್ಲಿ ಮಲಗುವ ಗಂಡನಿಗೂ ಗೊತ್ತು. ಮಸ್ಕಿಯ ಟೇಲರನಿಗೂ ಗೊತ್ತು! ನನಗೊಬ್ಬಳಿಗೇ ಇಡೀ ಸೀರೆ ಡಬ್ಬಿ ಅಡ್ಡ.

ನಿನ್ನೆ ಭಾನುವಾರ ಎಲ್ಲರೂ ಅಟ್ಟ ಹತ್ತಿ ಕೂತರು. ಏಳನೆಯ ಕೋಟೆಯ ಬಾಗಿಲು, ಒಳಗೆ ಸೆರೆಯಲ್ಲಿರುವ ರಾಣಿ, ನೀಲವ್ವ ಕೀಲಿಕೈ ಮಾಡಬೇಕು. ಬಸವಲಿಂಗ ದಾಳ ತೆಗೆದುಕೊಳ್ಳಲು ಕೈ ಚಾಚಿದ. ನಾನು ಸೀರೆ ಡಬ್ಬಿ ಎತ್ತಿ ಕೆಳಗಿಟ್ಟೆ. 'ಇವತ್ತು ಕಾಣಂಗ ಹಾಕೋಣ' ಅಂದೆ.

'ಹಂಗ ಕಾಯಿದಿ ಇಲ್ಲರೀ ಅಕ್ಕಾರ' ಅಂದ.

'ಆರೇ ಇಲ್ಲದ ದಾಳದಾಗ ಹದಿನೇಳು ಬೀಳೋ ಕಾಯಿದಿ ಐತೇನು?' ಅಂತ ವೈಟ್ನರ್ ಹಚ್ಚಿದ ಮುಖ ತೋರಿಸಿದೆ. ಅವನು ಚಾಚಿದ ಕೈ ಹಿಂದೆ ತೆಗೆದುಕೊಂಡ. 'ಭಾಗ್ಯಶ್ರೀಗೆ ಎಷ್ಟು ತಿಂಗಳು?' ಅಂತಲೂ ಕೇಳಿದೆ.

ಹಫೀಜ್ ಒಬ್ಬನೇ ಅತ್ತಿತ್ತ ನೋಡುತ್ತಿದ್ದ. ಪಾಪ, ಅವನಿಗೆ ಯಾರೂ ಹೇಳಿಯೇ ಇರಲಿಲ್ಲವಂತೆ. 'ಅಂದ್ರ ನನ್ನ ದಾಳ ಒಂದೇ ಖರೇನು? ಅದಕ್ಕ ವಾರಾ ವಾರಾ ಗ್ವಾಡಿ ಮ್ಯಾಲಿಂದ ಬೀಳಾಕತ್ತಿದ್ದೆನಲ್ಲೋ!' ಅಂದ. ನನಗೆ ಆ ಸಿಟ್ಟಿನಲ್ಲೂ ನಗು ತಡೆಯಲಾಗಲಿಲ್ಲ.

ಬಸವಲಿಂಗ ತಲೆ ತಗ್ಗಿಸಿ ಹೇಳಿದ. 'ನಾ ಒಲ್ಲೆ ಅಂದಿದ್ದೆರೀ ಅಕ್ಕಾರ. ಭಾಗ್ಯಶ್ರೀ ಅವರು ಕೈ ಮುಗುದು ಕೇಳಿದ್ರು. “ನನಗ ಕೇಳದ ಸಿಕ್ಕೈತಿ, ಅಕ್ಕಗ ಬೇಡಿದರೂ ಸಿಗಲಿಲ್ಲ. ಆಟದಾಗರ ಆಕಿ ಕೈಯಾಗ ಮಾಡಿದ್ದು ಮುರಿಬಾರದು” ಅಂದ್ರು. ಅವರು ಕಣ್ಣಾಗ ನೀರು ತಂದ ಮ್ಯಾಲ ನಾ ಏನ್ ಮಾಡ್ಲಿ?' ನಿಮ್ಮ ಮಾವ ಅಳತೆ ಟೇಪು ಸುತ್ತುತ್ತ ಬಿಚ್ಚುತ್ತ ಕೂತಿದ್ದರು. 'ಹೆಂಗ ಹೇಳಬೇಕು ತಿಳೀಲಿಲ್ಲ ರಂಜೂ' ಅಂದರು, ಅಷ್ಟೇ.

ನಿನಗೆ ಸಿಕ್ಕಿದ್ದಕ್ಕೆ ಬದಲಾಗಿ ನನಗೆ ಆಟದ ಕತ್ತಿ ಕೊಟ್ಟೆಯಾ ಭಾಗ್ಯಾ? ಕುದುರೆಯ ಲಾಳ ಕೊಟ್ಟೆಯಾ? ನೀನು ಪ್ರೀತಿಯಿಂದಲೇ ಮಾಡಿದ್ದೀ, ಬಲ್ಲೆ. ಆದರೆ ನೀಲವ್ವ ಒಂದು ಕತ್ತಿ ಚೆನ್ನಾಗಿ ಮಾಡಿದರೆ ಅದು ನಾನು ಮಾಡಿದ್ದು ಅಂತ ವಾರವೆಲ್ಲ ಅಂಗಡಿಯಲ್ಲಿ ಒಳಗೊಳಗೇ ಹಿಗ್ಗುತ್ತಿದ್ದೆ. ಈಗ ಅವೆಲ್ಲ ನನ್ನವಲ್ಲ. ಮುರುಕು ಗುದ್ದಲಿಗಳೇ ನನ್ನವು.

ದಾಳದ ವೈಟ್ನರನ್ನು ಉಗುರಿನಿಂದ ಕೆರೆದು, ಎಲ್ಲರ ಎದುರಿಗೆ ಚಾಪೆಯ ಮೇಲೆ ಹಾಕಿದೆ. ಮೂರು, ನಾಲ್ಕು, ಎರಡು. ಒಂಬತ್ತು, ಶುದ್ಧ ಸಾದಾ. ಕೀಲಿಕೈ ಅರ್ಧ ತಿರುಗಿ ಸಿಕ್ಕಿಕೊಂಡು ನಿಂತಿತು. ನಿಮ್ಮ ಮಾವ ನನ್ನ ಮುಖ ನೋಡಿದರು, ಎಲ್ಲಿ ಅತ್ತುಬಿಡುತ್ತೇನೋ ಅಂತ. ನಾನು 'ಹಫೀಜ್, ಗ್ವಾಡಿ ಹತ್ತು' ಅಂದೆ. ಅವನು ದಾಳ ಹಾಕಿ ಮತ್ತೆ ಬಿದ್ದ. ಆರಿದ ಚಹಾ ಕುಡಿಯುತ್ತ ರಾಣಿಯನ್ನು ಹೊರತರುವ ದಾರಿ ಹುಡುಕಿದೆವು, ಇನ್ನೂ ಸಿಕ್ಕಿಲ್ಲ. ಅಷ್ಟು ಚೆಂದಾಗಿ ನಾನು ಸೋತು ಬಹಳ ದಿನವಾಗಿತ್ತು.

ಸಕೀನಾಬೀಗೆ ಸರಿಯಾದ ಫಾಲ್ ಕೊಟ್ಟಿದ್ದೇನೆ, ಬಣ್ಣ ಒಂದೆಳೆಯೂ ಆಚೀಚೆ ಆಗಿಲ್ಲ. ಮಸ್ಕಿ ಮಲ್ಲಯ್ಯ ನಿನ್ನನ್ನೂ ನಿನ್ನ ಮಗುವನ್ನೂ ಕಾಯಲಿ. ಹೊತ್ತು ಹೊತ್ತಿಗೆ ಉಣ್ಣು, ಭಾರ ಎತ್ತಬೇಡ. ಗಂಡಾಗಲಿ ಹೆಣ್ಣಾಗಲಿ, ನಿನ್ನ ಜಗಳಗಂಟಿತನ ಒಂದು ಬಿಟ್ಟು ಉಳಿದೆಲ್ಲ ನಿನ್ನ ಹಾಗೇ ಇರಲಿ. ನೂರು ಕಾಲ ಬಾಳು.

ನಿನ್ನ ಅಕ್ಕ
ರಂಜನಿ

ತಾ.ಕ.: ಅಂಟು ಹಚ್ಚುವುದಿಲ್ಲ ಅಂದಿದ್ದೆ. ಈಗ ಹಚ್ಚುತ್ತಿದ್ದೇನೆ, ಇದನ್ನು ಬಸವಲಿಂಗ ಓದಬಾರದು.

ಆ ಸೀರೆಯ ಸೆರಗಿನ ತುದಿಯಲ್ಲಿ ಅವ್ವ ಒಂದು ಸಣ್ಣ ಗಂಟು ಕಟ್ಟಿದ್ದಾಳೆ, ದೃಷ್ಟಿ ತಾಗದಿರಲಿ ಅಂತ ಉಪ್ಪು ಸಾಸಿವೆ. 'ಇದನ್ನ ಬಿಚ್ಚಬ್ಯಾಡ ಅಂತ ಹೇಳಿ ಕಳಿಸ್ಯಾರ' ಅಂದಳು ಸಕೀನಾಬೀ. ಎಲ್ಲ ಬಸುರಿಯರಿಗೂ ಕಟ್ಟುತ್ತಾರೆ, ನನಗೂ ಗೊತ್ತು. ಆದರೆ ನಮ್ಮ ಅತ್ತಿ ಉಪ್ಪಿನ ನೀರು ನೋಡಿ ಯಾಕೆ ಬೆದರಿದರು ಅಂತ ಆಗ ತಿಳಿಯಿತು. ಯಾರೋ ಏನೋ ಅಂದಿದ್ದಾರೆ. ಮಕ್ಕಳಿಲ್ಲದ ಅಕ್ಕನ ಕಣ್ಣು ಕುಬಸದ ಸೀರೆಯ ಮೇಲೆ ಬೀಳಬಾರದು ಅಂತ ಯಾರು ಅಂದರು? ಅವ್ವನೇ? ನಿಮ್ಮ ಮನೆಯವರೇ? ನಾನು ಅಳುತ್ತೇನೆ ಅಂತ ನೀನು ಮುಚ್ಚಿಟ್ಟಿದ್ದರೆ ಅದನ್ನು ಇವತ್ತೇ ಮರೆಯುತ್ತೇನೆ. ಬೇರೆ ಕಾರಣಕ್ಕಾದರೆ ಅದನ್ನೂ ನೀನೇ ಹೇಳು, ನಿನ್ನ ಬಾಯಿಂದ ಕೇಳುತ್ತೇನೆ.

ಇನ್ನೊಂದು ಮಾತು. ಊರಿನ ಸೀರೆಗಳನ್ನೆಲ್ಲ ಮಡಿಚಿ ಬಿಚ್ಚಿ ಬೆಳಕಿಗೆ ಹಿಡಿದು ನೋಡುವ ನಾನು, ಜಂಪರಿನ ಕಲೆ ನೋಡಿದ ಮೇಲೆ ನಿನ್ನ ಸೀರೆಯನ್ನು ಕೈಯಿಂದ ಮುಟ್ಟಲಿಲ್ಲ. ಸಕೀನಾಬೀಯೇ ಹಿಡಿದು ತೋರಿಸಿದಳು. ನಾನು ಕೌಂಟರಿನ ಈಚೆ ಕೈ ಹಿಂದೆ ಕಟ್ಟಿಕೊಂಡು ನಿಂತು, ಅರೆಗಣ್ಣಿನಲ್ಲಿ ನೋಡಿ ಫಾಲ್ ಆರಿಸಿದೆ. ಯಾರೂ ನನಗೆ ಹಾಗೆ ಮಾಡು ಅಂದಿರಲಿಲ್ಲ. ನನ್ನ ಕಣ್ಣು ಹತ್ತಿಬಿಟ್ಟರೆ ಅಂತ ನನಗೇ ಅನುಮಾನ ಬಂತು, ಭಾಗ್ಯಾ.

ಕುಬಸಕ್ಕೆ ನಾನು ಬರಲೇ?